ಲೋಟದ ಮೇಲಿನ ಬಿಲ್ಲೆ

ನನ್ನ ಅತ್ತೆಯ ಹೊಟ್ಟೆಯ ಮೇಲೆ, ಹೊಕ್ಕುಳದ ಮೇಲ್ಗಡೆ, ಅಡ್ಡಕ್ಕೆ ಒಂದು ಕಪ್ಪು ಪಟ್ಟೆ ಇತ್ತು. ಸೆರಗು ಸರಿಪಡಿಸಿಕೊಳ್ಳುವಾಗ ಕುಪ್ಪಸದ ಕೆಳಗೆ ಅದು ಕಾಣುತ್ತಿತ್ತು. ಸಣ್ಣವನಿದ್ದಾಗ ಆಕೆಯ ಮಗ್ಗುಲಲ್ಲಿ ಮಲಗಿ ಅದನ್ನು ಬೆರಳಿನಿಂದ ಸವರಿ ನೋಡಿದ್ದೇನೆ. ಹಿಮ್ಮಡಿಯ ಚರ್ಮದಷ್ಟು ಗಟ್ಟಿಯಾಗಿತ್ತು. ನಮ್ಮ ಇಳಕಲ್ಲಿನಲ್ಲಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು. ನೇಯ್ದಷ್ಟು ಸೀರೆಯನ್ನು ಸುತ್ತಿಕೊಳ್ಳುವ ಒಂದು ದುಂಡು ಮರ ನೇಯುವವರ ಹೊಟ್ಟೆಗೆ ತಾಗಿಕೊಂಡೇ ಇರುತ್ತದೆ. ಲಾಳಿ ಎಸೆಯಲು ಮುಂದಕ್ಕೆ ಬಾಗಿದಾಗಲೆಲ್ಲ ಆ ಮರ ಒತ್ತಿ ಒತ್ತಿ ಬಿದ್ದ ಗುರುತು ಅದು.

“ಇದೇನ ಅತ್ತಿ, ಸುಟ್ಟೈತೇನು?” ಎಂದು ಕೇಳಿದರೆ ಆಕೆ ಹೇಳುತ್ತಿದ್ದಳು: “ಮಗ್ಗದ ಸಹಿ ಅದು. ನಾಳೆ ಯಾರರ ಬಂದು ಈ ಮಗ್ಗ ನಮ್ದು ಅಂದ್ರ, ಎಲ್ಲಿ ನಿನ್ನ ಹೊಟ್ಟಿ ತೋರ್ಸಪಾ ಅಂತೇನಿ.”

ಯಾರೂ ಬಂದು ಹಾಗೆ ಅಂದಿರಲಿಲ್ಲ. ಆದರೆ ಅನ್ನಬಹುದು ಎಂಬ ಗುಮಾನಿ ಆಕೆಗೆ ಸದಾ ಇತ್ತು.

ಅಪ್ಪನ ಅಕ್ಕ ಆಕೆ. ಮದುವೆಯಾಗಿ ಗುಳೇದಗುಡ್ಡಕ್ಕೆ ಹೋದವಳು ಕೆಲವೇ ವರ್ಷಗಳಲ್ಲಿ ತವರಿಗೆ ಬಂದು ಮತ್ತೆ ಅತ್ತ ತಲೆ ಹಾಕಲಿಲ್ಲ. ನಾನು ಕಣ್ಣು ಬಿಟ್ಟಾಗಿನಿಂದ ನಮ್ಮ ಪಡಸಾಲೆಯ ಅರ್ಧ ಭಾಗ ಅತ್ತೆಯ ಮಗ್ಗದ್ದು, ಉಳಿದರ್ಧ ಮನೆಯವರದ್ದು. ಅಪ್ಪ ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅತ್ತೆ, ನಾನು ಮತ್ತು ನನ್ನ ಹೆಂಡತಿ. ನನಗೆ ಹುನಗುಂದದ ಒಂದು ಕಚೇರಿಯಲ್ಲಿ ನೌಕರಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸು ಹತ್ತಿ ಬರುವುದು.

ಆ ಬಸ್ಸನ್ನೂ ಅತ್ತೆ ನಂಬುತ್ತಿರಲಿಲ್ಲ. ಆಕೆಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವುದೆಂದರೆ ನನಗೆ ಮುಜುಗರ. ಬಾದಾಮಿಯ ಬೋರ್ಡು ಕಣ್ಣಿಗೆ ರಾಚುವಂತೆ ಇದ್ದರೂ ಕಂಡಕ್ಟರನನ್ನು ಕೇಳುವಳು. ಅವನು ಹೌದಬೇ ಅಂದರೆ ಡ್ರೈವರನನ್ನು ಕೇಳುವಳು. ಇಬ್ಬರೂ ಒಂದೇ ಮಾತು ಹೇಳಿದರೆ ಸಂಶಯ ಇನ್ನಷ್ಟು ಬಲಿಯುವುದು. “ಇಬ್ರೂ ಕೂಡಿ ಮಾತಾಡ್ಕೊಂಡಾರ,” ಎಂದು ನನ್ನ ಕಿವಿಯಲ್ಲಿ ಹೇಳಿ, ಬಸ್ಸು ಊರು ದಾಟುವತನಕ ದಿಕ್ಕು ತಿಳಿಯಲು ಬಿಸಿಲು ಯಾವ ಕಿಟಕಿಯಿಂದ ಬರುತ್ತಿದೆ ಎಂದು ನೋಡುತ್ತ ಕೂರುತ್ತಿದ್ದಳು. ನನ್ನ ಮೊಬೈಲನ್ನು ಕಂಡಲ್ಲಿ ಬೋರಲು ಹಾಕಿಬಿಡುವಳು. ಅದಕ್ಕೆ ಕಣ್ಣಿದೆಯಲ್ಲ, ಮಂದಿಯ ಮನೆಯೊಳಗೆ ಅದು ಯಾಕೆ ನೋಡಬೇಕು ಎಂಬುದು ಆಕೆಯ ತಕರಾರು. ಕುಕ್ಕರಿನ ಸೀಟಿಯನ್ನು ನಂಬದೆ ಬೇಳೆಯನ್ನು ಹಿಸುಕಿಯೇ ನೋಡಬೇಕು.

ಎಲ್ಲಕ್ಕಿಂತ ಮೊದಲು ಮೂಗು. ಹಾಲು, ಮೊಸರು, ಒಗೆದ ಬಟ್ಟೆ, ಯಾರೋ ಕೊಟ್ಟ ಪ್ರಸಾದ, ಎಲ್ಲವನ್ನೂ ಮೂಸಿ ನೋಡಿ ಒಳಗೆ ಬಿಟ್ಟುಕೊಳ್ಳುವುದು. ಪ್ರಸಾದವನ್ನು ಮೂಸಬಾರದು ಅತ್ತೆ ಎಂದು ನನ್ನ ಹೆಂಡತಿ ಒಮ್ಮೆ ಅಂದಾಗ, “ದೇವ್ರ ಮ್ಯಾಲ ಸಂಶೆ ಇಲ್ಲವಾ ನಂಗ. ತಂದವರ ಕೈ ಮ್ಯಾಲ ಐತಿ,” ಎಂದಳು. ಬಾಗಿಲಿಗೆ ಬಂದವರು ಸಿಟ್ಟಿನಿಂದ ಮಾತಾಡಿದರೆ ಅತ್ತೆಗೆ ಸಮಾಧಾನ. ನಗುನಗುತ್ತ ಮಾತಾಡಿದರೆ ಮುಗಿಯಿತು. ಅವರು ಹೋಗುವತನಕ ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ. “ಭಾಳ ಸವಿಯಾಗಿ ಮಾತಾಡ್ತಾನ ತಮ್ಮಾ. ಏನೋ ಮುಚ್ಚಿಟ್ಟಾನ,” ಎಂಬುದು ಆಕೆಯ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು.

ಇಂಥ ಮನೆಯಲ್ಲಿ ನಾನು ಕಟ್ಟಿಗೆ ಕೊಯ್ಯಲು ಶುರು ಮಾಡಿದೆ.

ಕಾರಣ ಸಣ್ಣದು. ನನ್ನ ಹೆಂಡತಿಯ ತವರಿನವರು ಸಾಗವಾನಿಯ ಒಂದು ಟೀಪಾಯಿ ಕೊಟ್ಟಿದ್ದರು. ಅದರ ಮೇಲೆ ಬಿಸಿ ಚಹಾದ ಲೋಟ ಇಟ್ಟಲ್ಲೆಲ್ಲ ಬಿಳಿ ಉಂಗುರ ಮೂಡುತ್ತಿತ್ತು. ಹೆಂಡತಿ ಆ ಉಂಗುರಗಳನ್ನು ನೋಡುವುದು, ಆಮೇಲೆ ನನ್ನನ್ನು ನೋಡುವುದು. ಲೋಟದ ಕೆಳಗಿಡಲು ಅಂಗಡಿಯಲ್ಲಿ ಸಿಗುವ ಕೋಸ್ಟರುಗಳು ನನಗೆ ಹಿಡಿಸಲಿಲ್ಲ. ಕಟ್ಟಿಗೆ ಎಂದು ಹೇಳಿ ಪುಡಿಯನ್ನು ಒತ್ತಿ ಮಾಡಿದ ಹಲಗೆ ಕೊಡುತ್ತಾರೆ ಎಂಬ ಗುಮಾನಿ ನನಗೂ ಇತ್ತು. ಒಂದೇ ಮನೆತನದ ರಕ್ತವಲ್ಲವೇ! ಮೊಬೈಲಿನಲ್ಲಿ ಯಾರೋ ಒಬ್ಬ ಕೊಂಬೆಯನ್ನು ಸೌತೆಕಾಯಿಯ ಹಾಗೆ ಅಡ್ಡಕ್ಕೆ ಕೊಯ್ದು, ಉಜ್ಜಿ, ಎಣ್ಣೆ ಹಚ್ಚಿ, ಚೆಂದದ ದುಂಡು ಬಿಲ್ಲೆಗಳನ್ನು ಮಾಡುತ್ತಿದ್ದ. ಇಷ್ಟೇ ತಾನೇ ಎಂದುಕೊಂಡು ಹುನಗುಂದದ ಕಟ್ಟಿಗೆ ಅಡ್ಡೆಯಿಂದ ಒಂದು ಬೇವಿನ ಕೊಂಬೆ ತಂದೆ. ಗರಗಸ, ಪಾಲಿಶ್ ಪೇಪರು ತಂದೆ. ಹಿತ್ತಲಲ್ಲಿ ಕೂತು ಕೊಯ್ದೆ.

ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಆಗಲೇ ಆಕೆಯ ಮೊಣಕಾಲು ಹೋಗಿದ್ದವು. ಕುಣಿಗೆ ಇಳಿಯಲು ಆಗದೆ ಮಗ್ಗ ಸುಮ್ಮನೆ ನಿಂತಿತ್ತು. ಆದರೂ ದಿನಾ ಅದರ ಧೂಳು ಒರೆಸಿ ಕುಂಕುಮ ಹಚ್ಚುವುದು ತಪ್ಪಿರಲಿಲ್ಲ.

“ಏನ್ ಮಾಡಾಕತ್ತೀಯೋ?”

“ಬಿಲ್ಲಿ ಅತ್ತಿ. ಚಾದ ಲೋಟದ ತಳಗ ಇಡಾಕ.”

“ಲೋಟದ ತಳಗ?”

“ಹೂಂ. ಟೀಪಾಯಿಗೆ ಕಲಿ ಬೀಳಬಾರ್ದಂತ.”

ಅತ್ತೆ ನನ್ನ ಕೈಯಿಂದ ಒಂದು ಬಿಲ್ಲೆ ತೆಗೆದುಕೊಂಡು ಮೂಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಅಲ್ಲೋ ತಮ್ಮಾ, ಇದು ಕಲ್ಲಿನ ಊರು. ಎಲ್ಲಿ ನೋಡಿದ್ರ ಗ್ರಾನೈಟ್ ಫ್ಯಾಕ್ಟರಿ. ಕೆಂಪು ಕಲ್ಲಿನ ತುಂಡು ದಾರ್ಯಾಗ ಬಿದ್ದಿರ್ತಾವು, ನುಣ್ಣಗ, ಕನ್ನಡಿ ಕನ್ನಡಿ ಆಗಿ. ಅದನ್ನ ತಂದು ಲೋಟದ ತಳಗ ಇಡೂದು ಬಿಟ್ಟು ಕಟಿಗಿ ಯಾಕ ಬೇಕಾತು ನಿಂಗ? ಅದೂ ದುಂಡನ ಕಟಿಗಿ?”

ಆಕೆ ಹೇಳಿದ್ದು ನಿಜ. ನಮ್ಮ ಊರಿನಲ್ಲಿ ಕಲ್ಲು ಬಿಟ್ಟು ಕಟ್ಟಿಗೆಯ ಬಿಲ್ಲೆ ಮಾಡುವವನ ಮೇಲೆ ಯಾರಿಗಾದರೂ ಸಂಶಯ ಬರುವಂಥದ್ದೇ. ಅತ್ತೆಯ ಲೆಕ್ಕ ಸರಳವಾಗಿತ್ತು. ಮನೆಯಲ್ಲಿ ದುಂಡನೆಯ ಮರ ಇರುವುದು ಒಂದೇ. ಅದು ಆಕೆಯ ಮಗ್ಗದಲ್ಲಿದೆ. ಈ ಹುಡುಗ ಮೊದಲು ಬೇವಿನ ಮೇಲೆ ಕೈ ಸಾಧಿಸಿಕೊಳ್ಳುತ್ತಾನೆ, ಆಮೇಲೆ ಪಡಸಾಲೆಗೆ ಬರುತ್ತಾನೆ. ನಾನಾಗ ನಡುವಯಸ್ಸು ದಾಟುತ್ತಿದ್ದ ಮನುಷ್ಯ. ಅತ್ತೆಯ ಸಂಶಯದಲ್ಲಿ ಮಾತ್ರ ಇನ್ನೂ ಕದ್ದು ಬೆಲ್ಲ ತಿನ್ನುವ ಹುಡುಗನೇ.

ಬೇವಿನ ಬಿಲ್ಲೆಗಳು ವಾರದೊಳಗೆ ಬಿರಿದವು. ಹಸಿ ಕೊಂಬೆಯನ್ನು ಕೊಯ್ದು ಬಿಸಿಲಿಗೆ ಒಣಗಿಸಿದ್ದು ತಪ್ಪಾಗಿತ್ತು. ಎರಡನೇ ಸಲ ಜಾಲಿಯ ಒಣ ಕೊಂಬೆ ತಂದು ನೆರಳಲ್ಲಿಟ್ಟು, ಕೊಯ್ದು, ಉಜ್ಜಿ, ಅಗಸಿ ಎಣ್ಣೆ ಹಚ್ಚಿದೆ. ಚೆನ್ನಾಗಿ ಬಂದವು. ಅವನ್ನು ಸಾಲಾಗಿ ಕಿಟಕಿಯಲ್ಲಿ ಇಟ್ಟು ಕಚೇರಿಗೆ ಹೋದೆ. ಸಂಜೆ ಬಂದು ನೋಡಿದರೆ ಒಂದು ಇಲ್ಲ. ಹೆಂಡತಿಯನ್ನು ಕೇಳಿದೆ, ತನಗೆ ಗೊತ್ತಿಲ್ಲ ಎಂದಳು, ಆದರೆ ಹೇಳುವಾಗ ಪಾತ್ರೆಯ ಕಡೆ ನೋಡಿದಳು. ಅತ್ತೆ ಅದನ್ನು ಒಲೆಗೆ ಹಾಕಿದ್ದಾಳೆ, ಹೆಂಡತಿ ಆಕೆಯ ಪರ ಸೇರಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ನಿಶ್ಚಯ ಮಾಡಿಬಿಟ್ಟೆ. ಎರಡು ದಿನ ಇಬ್ಬರ ಜೊತೆಗೂ ಮುಖ ಗಂಟು ಹಾಕಿಕೊಂಡು ಇದ್ದೆ.

ಮೂರನೇ ದಿನ ಬಿಲ್ಲೆ ಸಿಕ್ಕಿತು. ಮಗ್ಗದ ದುಂಡು ಮರದ ತುದಿಗೆ ಅದನ್ನು ಒತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಅಳತೆ ನೋಡುತ್ತ ಅತ್ತೆ ಕೂತಿದ್ದಳು.

“ಏನ್ ಅತ್ತಿ ಇದು?”

“ಅಳತಿ ಕೂಡತೈತಿ,” ಎಂದಳು, ಕಳ್ಳನ ಕೈ ಹಿಡಿದವಳ ದನಿಯಲ್ಲಿ. “ನೋಡ ಬೇಕಾದ್ರ. ಒಂದು ಕೂದಲದಷ್ಟೂ ಹೆಚ್ಚಿಲ್ಲ, ಕಡಿಮಿ ಇಲ್ಲ.”

“ಅದು ಜಾಲಿ ಕಟಿಗಿ ಅತ್ತಿ. ನಿನ್ನ ಮರ ಇಡೀ ಐತಲ್ಲ ನಿನ್ನ ಮುಂದ!”

“ಈಗ ಐತಿ.”

ನನಗೆ ಸಿಟ್ಟು ನೆತ್ತಿಗೇರಿತು. ನನ್ನನ್ನು ಎತ್ತಿ ಆಡಿಸಿದವಳು ನನ್ನನ್ನೇ ಹೀಗೆ ನೋಡುವುದೇ! ಊಟ ಮಾಡದೆ ಎದ್ದು ಹೋದೆ. ಆ ಸಂಜೆ ಹೆಂಡತಿ ತಟ್ಟೆ ತಂದು ಮುಂದಿಟ್ಟು, “ಆ ಮರದ ಕಥಿ ನಿಮಗ ಖರೆನ ಗೊತ್ತಿಲ್ಲೇನ್ರಿ?” ಎಂದಳು. ಹೆಂಗಸರು ಕಾಳು ಆರಿಸುತ್ತ ಹೇಳಿಕೊಳ್ಳುವ ಮಾತು ಗಂಡಸರ ಕಿವಿಗೆ ಬೀಳುವುದಿಲ್ಲ ಎಂದು ಅವಳ ಮುಖದಲ್ಲಿತ್ತು.

ಕಥೆ ಇಷ್ಟು. ಗುಳೇದಗುಡ್ಡದ ಮನೆಯಲ್ಲಿ ಅತ್ತೆಗೆ ಸ್ವಂತ ಮಗ್ಗವಿತ್ತು. ಗಂಡ ತೀರಿಕೊಂಡ ಮರುವರ್ಷ ಆಕೆ ಹರಕೆ ತೀರಿಸಲು ಬನಶಂಕರಿಗೆ ಹೋದಳು. ಹೋಗುವ ಮುಂದೆ ಭಾವ, ಮೈದುನ, ಎಲ್ಲರೂ ಎಂದೂ ಇಲ್ಲದಷ್ಟು ಅಕ್ಕರೆಯಿಂದ ಮಾತಾಡಿದರಂತೆ. “ನಿಶ್ಚಿಂತಿಯಿಂದ ಹೋಗಿ ಬಾ ತಂಗಿ, ನಾವದೀವಿ,” ಎಂದರಂತೆ. ತಾಯಿಯ ದರ್ಶನ ಮಾಡಿ, ಒಂದು ರಾತ್ರಿ ಅಲ್ಲೇ ಇದ್ದು, ಕುಂಕುಮ ಹಣ್ಣು ಕಾಯಿ ಹಿಡಿದು ಹೊಳ್ಳಿ ಬಂದರೆ ಪಡಸಾಲೆ ಬಟಾಬಯಲು. ಕುಣಿಗೆ ಮಣ್ಣು ತುಂಬಿ ಸೆಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಗಂಡನಿಲ್ಲದ ಹೆಂಗಸಿನ ಮಗ್ಗ ಮನೆಯಲ್ಲಿದ್ದರೆ ಅವಳ ಬೇರೂ ಮನೆಯಲ್ಲಿ ಇರುತ್ತದೆ ಎಂದು ಅವರ ವಿಚಾರ. ಮಗ್ಗದ ಕಟ್ಟಿಗೆಯೆಲ್ಲ ಬಚ್ಚಲ ಹಂಡೆಯ ಕೆಳಗೆ ಉರಿಯುತ್ತಿತ್ತು. ಮೈದುನ ಆ ನೀರಿನಿಂದಲೇ ಸ್ನಾನ ಮಾಡುತ್ತಿದ್ದನಂತೆ. ಅತ್ತೆ ಒಲೆಯಿಂದ ದುಂಡು ಮರವನ್ನು ಎಳೆದು, ಉರಿಯುತ್ತಿದ್ದ ತುದಿಯನ್ನು ಮಣ್ಣಿನಲ್ಲಿ ಹೊಸಕಿ, ಅದೊಂದನ್ನೇ ಹೆಗಲ ಮೇಲೆ ಇಟ್ಟುಕೊಂಡು ತವರಿಗೆ ಬಂದಳು. ನನ್ನ ಅಜ್ಜ ಆ ಮರಕ್ಕೆ ಅಳತೆ ಮಾಡಿ ಹೊಸ ಮಗ್ಗ ಕಟ್ಟಿಸಿಕೊಟ್ಟ. ಒಂದು ತುದಿ ಕರ್ರಗೆ ಇರುವುದು ನಾನು ಎಷ್ಟೋ ಸಲ ನೋಡಿದ್ದೆ. ಎಣ್ಣೆಯ ಜಿಡ್ಡು ಎಂದುಕೊಂಡಿದ್ದೆ.

ಕೇಳಿದ ಮೇಲೆ ಸಿಟ್ಟೇನೋ ಇಳಿಯಿತು. ಆದರೆ ಆಕೆಯ ಸಂಶಯ ನನಗೆ ಇನ್ನಷ್ಟು ಭಾರವಾಯಿತು. ಗುಳೇದಗುಡ್ಡದವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದ್ದಾಳೆ. ಅಲ್ಲಿಂದ ನನ್ನನ್ನು ಹೊರಗೆ ತರುವುದು ಹೇಗೆ? “ನಾ ಮುಟ್ಟೂದಿಲ್ಲ ಅತ್ತಿ, ನೀ ನಿಶ್ಚಿಂತಿಯಿಂದ ಇರು,” ಎಂದು ಮರುದಿನ ಬೆಣ್ಣೆಯಲ್ಲಿ ಅದ್ದಿದಂತೆ ಹೇಳಿದೆ. ಅದಕ್ಕಿಂತ ಕೆಟ್ಟ ಮಾತು ಇರಲಾರದು. ಆಕೆ ನನ್ನನ್ನು ದಿಟ್ಟಿಸಿ ನೋಡಿ, ಒಳಗೆ ಹೋಗಿ, ನೂಲಿನ ಉಂಡೆ ತಂದಳು. ಮಗ್ಗದ ಒಂದೊಂದು ಸಂದಿಗೂ ಕೆಂಪು ನೂಲು ಸುತ್ತಿ, ತನ್ನದೇ ಒಂದು ಗಂಟು ಹಾಕುತ್ತ ಬಂದಳು. ನೇಯುವವರು ಹರಿದ ಎಳೆಯನ್ನು ಕೂಡಿಸುವ ಗಂಟು. ಬಿಚ್ಚಿದರೆ ಮತ್ತೆ ಹಾಗೆಯೇ ಹಾಕಲು ಆಕೆಯೊಬ್ಬಳಿಗೇ ಬರುತ್ತಿತ್ತು. ಯಾರಾದರೂ ಕೈ ಹಾಕಿದರೆ ಗೊತ್ತಾಗಲಿ ಎಂದು.

ಮಳೆಗಾಲ ಕಳೆಯಿತು. ನಾನು ಬಿಲ್ಲೆ ಮಾಡುವುದನ್ನು ಬಿಡಲಿಲ್ಲ. ಬಿಟ್ಟರೆ ಗುಟ್ಟು ಹೊರಬಿದ್ದದ್ದಕ್ಕೇ ಬಿಟ್ಟ ಎಂದು ಆಕೆ ತಿಳಿದಾಳು ಎಂಬ ಹೆದರಿಕೆ. ಕಚೇರಿಯವರಿಗೆ, ಬೀಗರಿಗೆ, ಕೇಳಿದವರಿಗೆಲ್ಲ ಬಿಲ್ಲೆ ಕೊಟ್ಟೆ. ಅತ್ತೆ ಮಾತ್ರ ಅವನ್ನು ಬಳಸಲಿಲ್ಲ. ಲೋಟವನ್ನು ಕೈಯಲ್ಲೇ ಹಿಡಿದು ಚಹಾ ಮುಗಿಸಿ ಕೆಳಗಿಡುತ್ತಿದ್ದಳು. ಹೊಸ ಬಿಲ್ಲೆ ಮಾಡಿದಾಗಲೆಲ್ಲ ಅದನ್ನು ಎತ್ತಿ ಮೂಸುವುದು, ಆಮೇಲೆ ಪಡಸಾಲೆಗೆ ಹೋಗಿ ಗಂಟು ನೋಡುವುದು, ಇದು ನಡೆದೇ ಇತ್ತು.

ಒಂದು ರವಿವಾರ ಮುಂಜಾನೆ ಅತ್ತೆ ಕೂಗಿದ ಕೂಗಿಗೆ ಎದುರುಮನೆಯವರು ಬಾಗಿಲಿಗೆ ಬಂದರು. ನಾನು ಹಲ್ಲುಜ್ಜುತ್ತಿದ್ದವನು ಹಾಗೆಯೇ ಓಡಿದೆ. ಅತ್ತೆ ಮಗ್ಗದ ಪಕ್ಕ ನೆಲದ ಮೇಲೆ ಕೂತಿದ್ದಳು. ಅಂಗೈ ಚಾಚಿ ತೋರಿಸಿದಳು. ಅಂಗೈಯಲ್ಲಿ ನುಣ್ಣನೆಯ, ಹಳದಿ ಬಣ್ಣದ ಪುಡಿ. ನನ್ನ ಗರಗಸದ ಕೆಳಗೆ ಹಿತ್ತಲಲ್ಲಿ ಬೀಳುವಂಥದೇ ಪುಡಿ.

“ದಾರಾ ಬಿಚ್ಚದನ ಕೊಯ್ದೀದಿ,” ಎಂದಳು. ದನಿ ಜೋರಿರಲಿಲ್ಲ. “ಶಾಣ್ಯಾ ಇದ್ದಿ. ನಮ್ಮ ಭಾವಗೂ ಇಷ್ಟು ಶಾಣ್ಯಾತನ ಇರಲಿಲ್ಲ.”

“ಬನಶಂಕರಿ ಆಣಿ ಅತ್ತಿ, ನಾ ಮುಟ್ಟಿಲ್ಲ.”

“ಆಣಿ ಹಾಕಬ್ಯಾಡ. ಇದೇನು ಹಂಗಾದ್ರ? ಮ್ಯಾಲಿಂದ ಉದುರಿತೇನು?”

ನನಗೆ ಅಳು ಬಂತು. ಸುಳ್ಳಲ್ಲ, ಬಂತು. ಆಮೇಲೆ ಸಿಟ್ಟು ಬಂತು. ಬಾಯಿ ತೊಳೆಯದೆಯೇ ಬ್ಯಾಟರಿ ತಂದು, ಅಂಗಿ ಬಿಚ್ಚಿ, ಕುಣಿಗೆ ಇಳಿದು, ಅಂಗಾತ ಮಲಗಿ ಮಗ್ಗದ ಹೊಟ್ಟೆಯೊಳಗೆ ನೋಡಿದೆ. ಸೂಜಿಯಿಂದ ಚುಚ್ಚಿದಂಥ ತೂತುಗಳು, ಸಾಲು ಸಾಲು. ಬೆರಳಿನಿಂದ ತಟ್ಟಿದೆ. ಪುಡಿ ನನ್ನ ಕಣ್ಣಿಗೇ ಉದುರಿತು.

ಕುಟ್ಟೆ ಹುಳ. ಎಷ್ಟು ವರ್ಷದ ಗಂಜಿ ಕುಡಿದ ಕಟ್ಟಿಗೆ ಅದು! ನೂಲಿಗೆ ಹಚ್ಚಿದ ಗಂಜಿಯೆಲ್ಲ ಮರಕ್ಕೂ ಹತ್ತಿರುತ್ತದೆ. ನೇಯುತ್ತಿದ್ದಾಗ ದಿನವೂ ಅಲುಗಾಡುವ ಮಗ್ಗದಲ್ಲಿ ಹುಳ ನಿಲ್ಲಲಿಲ್ಲವೋ ಏನೋ. ಸುಮ್ಮನೆ ನಿಂತ ಮೇಲೆ ಒಳಗಿನಿಂದ ತಿಂದು ಮುಗಿಸಿದ್ದವು. ಹೊರಗೆ ಕುಂಕುಮ, ಕೆಂಪು ನೂಲು, ಗಂಟು, ಎಲ್ಲ ಇದ್ದ ಹಾಗೆಯೇ ಇತ್ತು.

ಅತ್ತೆ ನಂಬಲಿಲ್ಲ. ನನ್ನ ಕೈಯಿಂದ ಬ್ಯಾಟರಿ ಕಸಿದುಕೊಂಡಳು. ಮೊಣಕಾಲು ಮಡಿಸಲಾಗದೆ ನೆಲದ ಮೇಲೆ ಉದ್ದಕ್ಕೆ ಮಲಗಿ, ಕೆನ್ನೆಯನ್ನು ಹಾಸುಗಲ್ಲಿಗೆ ಒತ್ತಿ ನೋಡಿದಳು. ಮೂಸಿದಳು. ಮಗ್ಗದ ಮುಂದಿನ ಕಾಲಿನ ಮರವನ್ನು ಮುಷ್ಟಿಯಿಂದ ಗುದ್ದಿದಳು; ಡಬ್ಬಿಯ ಹಾಗೆ ಸದ್ದಾಯಿತು. ಒಂದು ತುಣುಕು ಮುರಿದು ಆಕೆಯ ಕೈಗೇ ಬಂತು. ಅದರ ಒಳಗೆ ಬಿಳಿ ಹುಳವೊಂದು ಮಿಸುಕಾಡುತ್ತಿತ್ತು. ಅದನ್ನು ನೋಡುತ್ತ ಬಹಳ ಹೊತ್ತು ಮಲಗಿಯೇ ಇದ್ದಳು. ನನ್ನ ಹೆಂಡತಿ ಎಬ್ಬಿಸಲು ಹೋದರೆ ಕೈ ಕೊಡವಿದಳು.

“ಇದರ ಮ್ಯಾಲ ಸಂಶೆ ಬರಲಿಲ್ಲ ನೋಡು ನಂಗ,” ಎಂದಳು ಕಡೆಗೆ.

ನನ್ನ ಹತ್ತಿರ ತಪ್ಪಾಯಿತು ಅನ್ನಲಿಲ್ಲ. ಅನ್ನುವವಳೂ ಅಲ್ಲ.

ಮಗ್ಗವನ್ನು ಹಾಗೆಯೇ ಬಿಟ್ಟರೆ ಹುಳ ಬಾಗಿಲು ಚೌಕಟ್ಟಿಗೆ ಹತ್ತುತ್ತದೆ ಎಂದು ಆಕೆಗೂ ಗೊತ್ತಿತ್ತು. ಮಾರನೆಯ ದಿನ ನನಗೆ ಕಚೇರಿಗೆ ರಜೆ ಹಾಕಿಸಿದಳು. ತಾನೇ ಗಂಟುಗಳನ್ನು ಬಿಚ್ಚಿದಳು. ಮಗ್ಗಕ್ಕೆ ಅರಿಶಿಣ ಕುಂಕುಮ ಏರಿಸಿ, ಕಾಯಿ ಒಡೆದು, ಬಿಚ್ಚಿದ ಕಟ್ಟಿಗೆಯನ್ನು ನಾನು ಎತ್ತುವಾಗ ದಾರಿಗೆ ಅಡ್ಡ ನಿಂತು ಹೇಳಿದಳು:

“ಹಂಡೆದ ತಳಗ ಹಾಕಬ್ಯಾಡ. ಹಿತ್ತಲಾಗ, ಬಯಲಾಗ ಸುಡು. ಯಾರ ಮೈ ತೊಳಿಯಾಕೂ ಆಗಬಾರ್ದು ಅದು.”

ಹಾಗೆಯೇ ಸುಟ್ಟೆವು. ದುಂಡು ಮರವನ್ನು ಆಕೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅದರ ನಡುಭಾಗವೂ ತೂತು ಬಿದ್ದಿತ್ತು. ಕರ್ರಗೆ ಸುಟ್ಟಿದ್ದ ತುದಿಯ ಕಡೆ ಮಾತ್ರ ಮೊಳದಷ್ಟು ಗಟ್ಟಿಯಾಗಿ ಉಳಿದಿತ್ತು. ಬೆಂಕಿ ಕಂಡ ಕಟ್ಟಿಗೆಗೆ ಹುಳ ಬಾಯಿ ಹಾಕಿರಲಿಲ್ಲ. ಅದನ್ನು ಉಗುರಿನಿಂದ ತಟ್ಟಿ ತಟ್ಟಿ ಕೇಳಿಸಿಕೊಂಡಳು. ಎಲ್ಲಿಯವರೆಗೆ ಗಟ್ಟಿ ಎಂದು ನೂಲು ಸುತ್ತಿ ಗುರುತು ಮಾಡಿದಳು. ಆಮೇಲೆ ನನ್ನ ಮುಂದಕ್ಕೆ ಚಾಚಿದಳು.

“ತೊಗೋ. ಕೊಯ್ಯಿ.”

“ಅತ್ತಿ…”

“ನಿನ್ನ ಗರಗಸ ತಾ. ನನ್ನ ಎದುರಿಗೆ ಕೊಯ್ಯಿ. ಆ ಕಡಿ ಮುಖ ಮಾಡಬ್ಯಾಡ, ನಂಗ ಕಾಣೂ ಹಂಗ ಕೊಯ್ಯಿ.”

ಗರಗಸ ತಂದು ಕೂತೆ. ಅದು ಯಾವ ಜಾತಿಯ ಮರವೋ ಇಂದಿಗೂ ತಿಳಿಯದು. ಗರಗಸ ಒಳಗೆ ಹೋಗಲು ಒಲ್ಲೆ ಅನ್ನುತ್ತಿತ್ತು. ಆಕೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬಿದ್ದ ಪುಡಿಯನ್ನೆಲ್ಲ ಸೆರಗಿನಿಂದ ಒಟ್ಟು ಮಾಡಿ ಗಂಟು ಕಟ್ಟಿಕೊಂಡಳು. ಅದನ್ನು ಆಮೇಲೆ ತುಳಸಿಯ ಬುಡಕ್ಕೆ ಹಾಕಿದಳು. ಉಜ್ಜುವ ಕೆಲಸ ತಾನೇ ಮಾಡುತ್ತೇನೆ ಎಂದಳು. ನಾನು ಹೆಚ್ಚು ಉಜ್ಜಿ ಸವೆಸಿಬಿಟ್ಟರೆ ಎಂಬ ಹೆದರಿಕೆ. ಬಿಸಿಲು ಇಳಿಯುವತನಕ ಒಂದೊಂದನ್ನೇ ಪಾಲಿಶ್ ಪೇಪರಿನ ಮೇಲೆ ಸುತ್ತು ತಿರುಗಿಸಿ ತಿರುಗಿಸಿ ಉಜ್ಜಿದಳು. ನಾನು ಅಗಸಿ ಎಣ್ಣೆ ಹಚ್ಚಿದೆ. ಎಣ್ಣೆ ತಾಗಿದ ಕೂಡಲೇ ಮರ ಕೆಂಪಾಗಿ ಮೇಲೆದ್ದು ಬಂತು, ನಮ್ಮೂರಲ್ಲಿ ನೇಯುವ ಗೋಮಿ ಅಂಚಿನ ಸೀರೆಯ ಸೆರಗಿನ ಬಣ್ಣ. ಕಡೆಯ ಬಿಲ್ಲೆಯ ಒಂದು ಮುಖ ಪೂರಾ ಕಪ್ಪು. ಅದನ್ನು ಉಜ್ಜಲು ಬಿಡಲಿಲ್ಲ.

ಎರಡು ದಿನ ಒಣಗಿದ ಮೇಲೆ ನನ್ನ ಹೆಂಡತಿ ಬಹಳ ಭಕ್ತಿಯಿಂದ ಅದೇ ಕಪ್ಪು ಮುಖದ ಬಿಲ್ಲೆಯನ್ನು ಟೀಪಾಯಿಯ ಮೇಲಿಟ್ಟು, ಅದರ ಮೇಲೆ ಚಹಾದ ಲೋಟ ಇಟ್ಟು, “ತೊಗೊಳ್ರಿ ಅತ್ತಿ,” ಎಂದಳು.

ಅತ್ತೆ ಲೋಟವನ್ನು ಹಾವು ಕಂಡವಳ ಹಾಗೆ ಸರ್ರನೆ ಎತ್ತಿದಳು.

“ಯವ್ವಾ! ಎಂಜಲಾ ಲೋಟಾ ಇಡ್ತಿ ಏನು ಅದರ ಮ್ಯಾಲ? ಮಗ್ಗಕ್ಕ ಕಾಲು ತಾಗಿದ್ರ ಕಣ್ಣಿಗೆ ಒತ್ಕೊಳ್ಳೂ ಮನಿ ಇದು. ಇದರ ಮ್ಯಾಲ ಎಂಜಲಾ?”

ಹೆಂಡತಿ ಬೆಪ್ಪಾಗಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಷ್ಟು ಕಷ್ಟಪಟ್ಟು ಕೊಯ್ದದ್ದು ಲೋಟದ ಕೆಳಗೆ ಇಡಲಿಕ್ಕೇ ತಾನೇ? ನೇಕಾರರ ಮನೆಯಲ್ಲಿ ಹುಟ್ಟಿ, ನೇಕಾರರ ಮನೆಗೆ ಬಂದು, ಇಬ್ಬರಿಗೂ ಇದು ಹೊಳೆದಿರಲಿಲ್ಲ. ಅತ್ತೆ ಬಿಲ್ಲೆಯನ್ನು ಸೆರಗಿನಿಂದ ಒರೆಸಿ, ಕಣ್ಣಿಗೆ ಒತ್ತಿಕೊಂಡು, ಲೋಟವನ್ನು ಟೀಪಾಯಿಯ ಮೇಲೆಯೇ ಇಟ್ಟು, ಬಿಲ್ಲೆಯನ್ನು ಅದರ ಬಾಯಿಗೆ ಮುಚ್ಚಿದಳು. ಸರಿಯಾಗಿ ಕೂತಿತು.

“ತಳಗ ಅಲ್ಲ, ಮ್ಯಾಲ,” ಎಂದಳು. “ನೊಣಾ ಬೀಳೂದಿಲ್ಲ. ಯಾರೂ ಏನೂ ಹಾಕಾಕೂ ಬರೂದಿಲ್ಲ.”

ಆ ಎರಡನೆಯ ಉಪಯೋಗ ಆಕೆಗೆ ಎಷ್ಟು ಹಿಡಿಸಿತೆಂದರೆ, ಅಂದಿನಿಂದ ನೀರು, ಹಾಲು, ಮಜ್ಜಿಗೆ, ಏನೇ ಇರಲಿ, ಬಿಲ್ಲೆ ಮುಚ್ಚದೆ ಮುಂದಿಟ್ಟರೆ ಮುಟ್ಟುತ್ತಿರಲಿಲ್ಲ. ಬಿಲ್ಲೆ ಎತ್ತುವುದು, ಅದರ ಒಳಮುಖವನ್ನು ಮೂಸುವುದು, ಲೋಟದೊಳಗೆ ಇಣುಕುವುದು, ಆಮೇಲೆ ಎತ್ತಿ ಕುಡಿಯುವುದು. ಕಪ್ಪು ಮುಖದ್ದು ಆಕೆಯದು, ಉಳಿದವು ಮನೆಯವರಿಗೆ. ಬಂದವರು ಗೊಂದಲಕ್ಕೆ ಬೀಳುತ್ತಿದ್ದರು. ಹೆಂಡತಿಯ ಅಣ್ಣ ಬಾಗಲಕೋಟೆಯಿಂದ ಬಂದಾಗ ಬಿಲ್ಲೆಯನ್ನು ತೆಗೆದು ಕೆಳಗಿಟ್ಟು ಅದರ ಮೇಲೆ ಲೋಟ ಇಡಲು ಹೋದ. ಅತ್ತೆ ಒಳಗಿನಿಂದಲೇ, “ಏ ಬೀಗಪ್ಪಾ!” ಎಂದು ಕೂಗಿದ ರಭಸಕ್ಕೆ ಅವನ ಚಹಾ ಅಂಗಿಯ ಮೇಲೆ ಹೋಯಿತು. ಟೀಪಾಯಿಯ ಮೇಲಿನ ಬಿಳಿ ಉಂಗುರಗಳು ಹೆಚ್ಚುತ್ತಲೇ ಹೋದವು. ಹೆಂಡತಿ ಅವನ್ನು ನೋಡಿ ನನ್ನನ್ನು ನೋಡುವುದನ್ನು ಬಿಟ್ಟಳು.

ಆದರೆ ನನ್ನ ಮೇಲಿನ ಸಂಶಯ ಹೋಯಿತೇ? ಅದೇ ನನಗೆ ತಿಳಿಯುತ್ತಿರಲಿಲ್ಲ. ನಾನು ಕೊಟ್ಟ ಲೋಟವನ್ನೂ ಆಕೆ ಮೂಸಿಯೇ ಕುಡಿಯುತ್ತಿದ್ದಳು. ಪ್ರತಿ ಸಲ ಆಕೆಯ ಮೂಗು ಬಿಲ್ಲೆಯ ಹತ್ತಿರ ಹೋದಾಗ ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ. ಗುಳೇದಗುಡ್ಡದವರ ಸಾಲಿನಿಂದ ನಾನು ಹೊರಗೆ ಬಂದೆನೋ, ಅಲ್ಲೇ ಇದ್ದೇನೋ ಎಂದು ಕೇಳಲು ಧೈರ್ಯವಿರಲಿಲ್ಲ. ಕೇಳಿದ್ದರೆ, ಯಾಕೆ ಕೇಳುತ್ತಾನೆ ಎಂದು ಅದಕ್ಕೂ ಸಂಶಯಪಡುತ್ತಿದ್ದಳು.

ಹೋದ ಚಳಿಗಾಲ ಅತ್ತೆಗೆ ಎದೆಯಲ್ಲಿ ಕಫ ಕಟ್ಟಿ ಉಸಿರು ಹಿಡಿಯಿತು. ಬಾಗಲಕೋಟೆಯ ದವಾಖಾನೆಗೆ ಸೇರಿಸಿದೆವು. ಡಾಕ್ಟರು ಚೆನ್ನಾಗಿ ನೋಡಿಕೊಂಡರು, ಆದರೆ ನಗುಮುಖದವರು. ಅತ್ತೆಗೆ ಅದೇ ಸಾಕಾಯಿತು. ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ನರ್ಸು ಹೋದ ಮೇಲೆ ಉಗುಳುತ್ತಿದ್ದಳು. ನೀರನ್ನಂತೂ ಮುಟ್ಟಲಿಲ್ಲ. ತುಟಿ ಒಡೆದು ರಕ್ತ ಬಂದರೂ ಬಾಯಿ ಬಿಗಿ ಹಿಡಿದಳು. ನರ್ಸು ಬೈದಳು, ಹೆಂಡತಿ ಅತ್ತಳು. ನಾನು ಮುಂಜಾನೆಯ ಬಸ್ಸಿಗೆ ಇಳಕಲ್ಲಿಗೆ ಹೋಗಿ ಕಪ್ಪು ಮುಖದ ಬಿಲ್ಲೆ ತಂದೆ. ಲೋಟಕ್ಕೆ ನೀರು ಹಾಕಿ, ಬಿಲ್ಲೆ ಮುಚ್ಚಿ, ಆಕೆಯ ಮುಂದೆ ಹಿಡಿದೆ.

ಅತ್ತೆ ಕಣ್ಣು ತೆರೆದಳು. ಬಿಲ್ಲೆಯನ್ನು ಕಂಡು ಕೈ ಎತ್ತಿದಳು. ಎತ್ತಿ ಮೂಗಿಗೆ ಹಿಡಿದಳು. ತಿರುಗಿಸಿ ಮತ್ತೆ ಹಿಡಿದಳು. ಮುಖದಲ್ಲಿ ಹೆದರಿಕೆ ಮೂಡಿತು. ಅಷ್ಟು ವರ್ಷಗಳಲ್ಲಿ ಆಕೆಯ ಮುಖದಲ್ಲಿ ಸಂಶಯ ನೋಡಿದ್ದೆ, ಸಿಟ್ಟು ನೋಡಿದ್ದೆ. ಹೆದರಿಕೆ ನೋಡಿದ್ದು ಅದೇ ಮೊದಲು.

“ವಾಸನಿ ಹತ್ತವಲ್ದೋ ತಮ್ಮಾ ನಂಗ. ಏನೂ ಹತ್ತವಲ್ದು.”

ಆಕೆ ಬಿಲ್ಲೆಯನ್ನು ಮತ್ತೊಮ್ಮೆ ಮೂಗಿಗೆ ಒತ್ತಿ ನೋಡಿದಳು. ಆಮೇಲೆ ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟಳು.

“ನೀ ಮೂಸಿ ನೋಡು. ನೋಡಿ ಹೇಳು.”

ನಾನು ಮೂಸಿದೆ. ಮಗ್ಗದ ವಾಸನೆ, ಗಂಜಿಯ ವಾಸನೆ, ಅಗಸಿ ಎಣ್ಣೆಯ ವಾಸನೆ, ಏನೋ ಒಂದು ಬರಲಿ ಎಂದು ಎಳೆದು ಎಳೆದು ಮೂಸಿದೆ. ನೆಲ ಒರೆಸಿದ ಫಿನೈಲಿನ ವಾಸನೆಯಲ್ಲದೆ ಬೇರೇನೂ ಮೂಗಿಗೆ ಬರಲಿಲ್ಲ. ಚೆನ್ನಾಗಿದೆ, ನಿನ್ನ ಮಗ್ಗದ ವಾಸನೆ ಬರುತ್ತಿದೆ, ಕುಡಿ ಎಂದು ಹೇಳಿಬಿಡಲೇ ಎಂದು ಬಾಯಿಯತನಕ ಬಂತು. ಹೆಂಡತಿ ಹಿಂದಿನಿಂದ ಹಾಗೆಯೇ ಹೇಳು ಎಂದು ಬೆನ್ನಿಗೆ ತಿವಿದಳು.

“ಬರೇ ಫಿನೈಲ್ ವಾಸನಿ ಐತಿ ಅತ್ತಿ,” ಎಂದೆ. “ಬ್ಯಾರೆ ಏನೂ ಹತ್ತವಲ್ದು ನಂಗೂ.”

ಅತ್ತೆ ನನ್ನ ಮುಖವನ್ನು ನೋಡಿದಳು. ಒಡೆದ ತುಟಿಗಳು ಒಂದು ಕಡೆಗೆ ಸರಿದವು.

“ಛಲೋ ಐತಿ ಅಂದಿದ್ರ ಕುಡಿತಿರ್ಲಿಲ್ಲ ನೋಡ,” ಎಂದಳು. “ತಾ ಇಲ್ಲೆ.”

ಆಕೆಯ ತಲೆ ಎತ್ತಿ ಹಿಡಿದೆ. ಆಕೆ ಲೋಟದೊಳಗೆ ಇಣುಕಲಿಲ್ಲ. ಪೂರಾ ಕುಡಿದಳು. ಆಮೇಲೆ ಗುಳಿಗೆಯನ್ನೂ ನನ್ನ ಕೈಯಿಂದ ನುಂಗಿದಳು. ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ಹೇಳಲು ನಾಚಿಕೆ. ಅಷ್ಟು ಕಾಯಿಲೆ ಬಿದ್ದವರ ಮಂಚದ ಪಕ್ಕ ಅಷ್ಟು ಸಂತೋಷ ಪಡಬಾರದು.

ಉಸಿರು ಸುಧಾರಿಸಿತು, ಮನೆಗೆ ಕರೆದುಕೊಂಡು ಬಂದೆವು. ಮೂಗು ಮಾತ್ರ ಮತ್ತೆ ಬರಲಿಲ್ಲ. ಉಳಿದಷ್ಟು ದಿನ ಹಾಲು, ಸಾರು, ಯಾರೋ ಕೊಟ್ಟ ಪ್ರಸಾದ, ಎಲ್ಲವೂ ಮೊದಲು ನನ್ನ ಮುಂದೆ ಬರುತ್ತಿದ್ದವು. ನಾನು ಮೂಸಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಾನು ಕಚೇರಿಗೆ ಹೋಗಿದ್ದರೆ ಸಂಜೆ ಬರುವತನಕ ಪ್ರಸಾದ ಕಾಯುತ್ತಿತ್ತು. ಯುಗಾದಿಗೆ ಮೊದಲು, ಒಂದು ಮಧ್ಯಾಹ್ನ, ಮಗ್ಗವಿದ್ದ ಜಾಗದಲ್ಲಿ ಹಾಕಿದ್ದ ಮಂಚದ ಮೇಲೆ ಮಲಗಿದ್ದ ಹಾಗೆಯೇ ಹೋದಳು. ಮೈ ತೊಳೆಸಿದ ಹೆಂಗಸರು ಹೊಟ್ಟೆಯ ಮೇಲಿನ ಪಟ್ಟೆ ಇನ್ನೂ ಕಪ್ಪಗೇ ಇತ್ತು ಎಂದರು.

ನಮ್ಮ ಮನೆಗೆ ಬಂದವರಿಗೆ ಈಗಲೂ ಲೋಟದ ಮೇಲೆ ಬಿಲ್ಲೆ ಮುಚ್ಚಿಯೇ ಕೊಡುತ್ತೇವೆ. ಕೆಳಗಿಡುವುದನ್ನು ಮೇಲೇಕೆ ಇಟ್ಟಿದ್ದೀರಿ ಎಂದು ಕೆಲವರು ನಗುತ್ತಾರೆ. ನಾನು ಹೇಳುವುದಿಲ್ಲ. ಕಪ್ಪು ಮುಖದ್ದು ದೇವರ ಮನೆಯಲ್ಲಿದೆ, ಆಕೆಯ ಹೆಸರಿನಲ್ಲಿ ದಿನವೂ ಇಡುವ ನೀರಿನ ಲೋಟದ ಮೇಲೆ. ಮುಂಜಾನೆ ಸ್ನಾನ ಮಾಡಿ ನೀರು ಬದಲಿಸುವಾಗ ಅದನ್ನು ಎತ್ತಿ ಮೂಸುತ್ತೇನೆ. ಒಂದೊಂದು ದಿನ ಊದುಬತ್ತಿಯ ವಾಸನೆ ಇರುತ್ತದೆ, ಒಂದೊಂದು ದಿನ ಏನೂ ಇರುವುದಿಲ್ಲ. ಏನಿದೆಯೋ ಅದನ್ನೇ ಬಾಯಿಬಿಟ್ಟು ಹೇಳಿ, ಲೋಟ ಮುಚ್ಚಿ ಬರುತ್ತೇನೆ.